ರಕ್ತ ಕಟ್ಟೋ ಮಾತು

…ಇಲ್ಲ ಹೆಡ್ಲಿ ಮಾವ, ತಪ್ಪು ನಿಮ್ಮ ಸೊಸೇದೇ! ಸಾವಿನ ಮನೇಲಿ ಹೇಳ್ಬಾರದು, ಆದ್ರೂ ಹೇಳ್ತೀನಿ. ಮಂತ್ರ ಹಾಕಿ ಹರಿಯೋ ರಕ್ತ ಕಟ್ಟೋರಿಗೆ ‘ಥ್ಯಾಂಕ್ಸ್’ ಅನ್ನಬಾರದು. ಅಂದ್ರೆ ಮಂತ್ರ ಮುರೀತು. ಕಾರ್ನ್‌ವಾಲ್‌ನಲ್ಲಿ ಮೊಲೆ ಕುಡಿಯೋ ಕೂಸಿಗೂ ಗೊತ್ತು ಇದು! ನಾನು ಫೋನಲ್ಲಿ ಮಂತ್ರ ಹೇಳಿ ಮುಗಿಸ್ತಿದ್ದ ಹಾಗೇ ನಿಮ್ಮ ಟೆಗೆನ್ ಅಂದ್ಲು. “ಥ್ಯಾಂಕ್ಸ್ ಕೆರೆನ್ಸಾ, ಥ್ಯಾಂಕ್ಸ್…” ಎರಡೆರಡು ಸಲ! ಗಂಡನ ತೊಡೆಗೆ ಗರಗಸ ಬಿದ್ದು ರಕ್ತ ಧಾರೆಯಾಗಿ ಹರೀತಿದ್ರೆ ಇವಳಿಗೆ ಮರ್ಯಾದೆ ನೆನಪಾಯ್ತು ನೋಡಿ!

ಯಾಕೆ ಬಾಗಿಲ ಕಡೆ ನೋಡ್ತೀರಿ? ಒಳಗಿದಾಳಾ? ಕೇಳಿಸ್ಕೊಳ್ಲಿ ಬಿಡಿ. ಗಂಡನ್ನ ತಿಂದ್ಕೊಂಡವಳು, ಇಷ್ಟು ಕೇಳಿದ್ರೆ ಸಾಯಲ್ಲ.

ಭಾನುವಾರ ಚರ್ಚ್ ಬಾಗಿಲಲ್ಲಿ ನಿಂತು ಇದಿಷ್ಟು ಹೇಳಿ, ಸಾಕು. ನನ್ನ ಕಂಡ್ರೆ ಊರೇ ನಗುತ್ತೆ ಮಾವ. ಪುಸ್ತಕದ ಬದನೆಕಾಯಿ ಮಾಟಗಾತಿ ಅಂತೆ! ಮಾಟ-ಮಂತ್ರದ ಮೇಲೆ ಏಳು ಪುಸ್ತಕ ಬರೆದಿದೀನಿ. ಲಂಡನ್ನಿಂದ ರೈಲು ಹತ್ತಿ ಬರ್ತಾರೆ, ನನ್ನ ಕೈ ಮುಟ್ಟೋಕೆ. ಈ ಮೀನಿನ ವಾಸನೆಯೋರು ನನ್ನ ನೋಡಿ ನಗೋದಾ?

ನೀವೂ ನಗ್ತಿದೀರಾ? …ಓ, ಕೆಮ್ಮಾ. ಸರಿ. ಟೀ ಕುಡೀರಿ, ಆರುತ್ತೆ.

ಸ್ವಂತ ಮಗ ಪೆರಾನ್ ಪಕ್ಕದಲ್ಲೇ ಬಿದ್ದಿದ್ನಲ್ಲ, ಮುದುಕ ತಾನೇ ಯಾಕೆ ಮಂತ್ರ ಹೇಳ್ಲಿಲ್ಲ ಅಂತ ಯಾರೋ ಕೇಳಿದ್ರಂತೆ. ಪೆದ್ದುಗಳು! ಗಂಡಸು ತನ್ನ ಮಂತ್ರಾನ ಹೆಂಗಸಿಗೆ ಕೊಟ್ಟ ಮೇಲೆ ಅವನ ಪಾಲಿಗೆ ಮುಗೀತು. ಕೊಟ್ಟೋರ ಬಾಯಲ್ಲಿ ಅದು ಬರೀ ಉಗುಳು. ಹನ್ನೆರಡು ವರ್ಷ ನಿಮ್ಮ ಹಿತ್ತಿಲಿಗೆ ಗೊಬ್ಬರ ಹೊತ್ತೆ ಮಾವ. ಸೊಸೆಗೂ ಕೊಡದೆ ನನಗೆ ಕೊಟ್ರಿ! ಅವಳಿಗೆ ಅದೇ ಹೊಟ್ಟೆಉರಿ…

ಏನು ಹುಡುಕ್ತಿದೀರಿ? ಓ, ನನ್ನ ಪುಸ್ತಕ! ಓದಿದ್ರಾ? …ಆ ಮಂತ್ರದ ಪುಟದ ಮೇಲೆ ಯಾಕೆ ಬೆರಳು? ಮಾವ. ಬೆರಳು ತೆಗೀರಿ.

ಹೌದು, ಬದಲಾಯಿಸಿದೆ! ಏನೀಗ? ನಿಮ್ಮ ಮಂತ್ರದ ತುಂಬ ಏಸು, ಏಸು, ಏಸು! ನನ್ನ ಓದುಗರು ಪ್ರಾರ್ಥನೆ ಕೇಳೋಕೆ ಬರ್ತಾರಾ? ಅವರಿಗೆ ಕೊಂಬಿನ ದೇವರು ಬೇಕು, ಅಮಾವಾಸ್ಯೆ ಬೇಕು. ಏಸುನ ಎಬ್ಬಿಸಿ ಕೊಂಬಿನಯ್ಯನ್ನ ಕೂರಿಸಿದೆ. ಪ್ರಾಸಾನೂ ಚೆನ್ನಾಗಿ ಕೂತ್ಕೊಳ್ತು. ಸಭೆ ಸಭೇಲೂ ಓದಿಸ್ತಾರೆ, ಗೊತ್ತಾ? ಆದ್ರೆ ಅದು ಪುಸ್ತಕಕ್ಕೆ ಮಾವ… ಪುಸ್ತಕಕ್ಕೆ ಮಾತ್ರ.

ಆವತ್ತು ಫೋನಲ್ಲಿ ಯಾವುದು ಹೇಳಿದೆ ಅಂತಾನಾ? ಆವತ್ತು ಹಳೇದೇ ಹೇಳಿದೆ. ನಿಮ್ಮದೇ. ಒಂದಕ್ಷರ ಬಿಡದೆ.

ಹಾಗೆ ನೋಡ್ಬೇಡಿ. ಬೇಕಾದ್ರೆ ಈಗ್ಲೇ ಹೇಳ್ತೀನಿ, ಕೇಳಿ. ಏಸು ಹೊಳೆ ದಾಟುವಾಗ… ಏಸು ಹೊಳೆ… ಕೊಂಬಿನ… ಅಲ್ಲ, ಅಲ್ಲ, ತಡೀರಿ. ಏಸು ಹೊಳೆ ದಾಟುವಾಗ…

ಪುಸ್ತಕ ಯಾಕೆ ಮುಚ್ತೀರಿ ಮಾವ! ಬೈದುಬಿಡಿ ಬೇಕಾದ್ರೆ…

…ಆಮೇಲೇನಿತ್ತು, ಮಾವ?