ಹೆಸರು ಕೇಳುವ ಯಂತ್ರ

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣವೇ ಕಾಣಲಿಲ್ಲ. ಕಂಪ್ಯೂಟರ್ ರಿಪೇರಿ ಅಂಗಡಿಯ ಷಟರ್ ಅರ್ಧ ಇಳಿಸಿ, ಮನೆಗೆ ಹೋಗಲಾಗದವರೆಲ್ಲ ಮೇಜಿನ ಸುತ್ತ ಸೇರಿಕೊಂಡರು. ಹಳೇ ಕಂಪ್ಯೂಟರೊಂದಕ್ಕೆ ಲಿನಕ್ಸ್ ತಂತ್ರಾಂಶ ಹಾಕಿ ಜೀವ ಬರಿಸಿದೆನೆಂದು ಅವರಲ್ಲೊಬ್ಬಳು ಜಂಬ ಕೊಚ್ಚಿದ್ದೇ ತಡ, ಅಂಗಡಿಯ ಯಜಮಾನರಾದ ತಾತ ಬಾಯಿಬಿಟ್ಟರು.

"ಜೀವ ಬರಿಸಿದೆ ಅಂತೀಯೇನಮ್ಮ? ಆ ಮಾತನ್ನ ಸ್ವಲ್ಪ ನೋಡ್ಕೊಂಡು ಆಡು... ನನಗೊಬ್ಳು ಅಕ್ಕ ಇದ್ಲು, ನಕ್ಷೆ ಬರೆಯೋ ಕಚೇರೀಲಿ ಕೆಲಸ. ಭಾವನೂ ಅಲ್ಲೇ. ಅವಳು ಮುಂದಿನ ಕೋಣೇಲಿ, ಅವನು ಒಳಗಿನ ಕೋಣೇಲಿ. ಆ ಕಾಲದ ವರ್ಕ್‌ಸ್ಟೇಷನ್ನು, ಆ ದೊಡ್ಡ ಕಂಪ್ಯೂಟರು, ನಿಮಗೇನು ಗೊತ್ತು? ಎತ್ತೋಕೆ ಹೋದ್ರೆ ಸೊಂಟ ಹಿಡ್ಕೊಳ್ಳೋದು! ಅಕ್ಕನ ಯಂತ್ರದಲ್ಲಿ ನೆನಪಿಟ್ಕೊಳ್ಳೋಕೆ ಡಿಸ್ಕೇ ಇರ್ಲಿಲ್ಲ, ಆಫ್ ಮಾಡಿದ್ರೆ ಎಲ್ಲ ಮರೆತುಬಿಡೋದು. ಗುಂಡಿ ಒತ್ತಿದ್ರೆ 'ನಾನ್ಯಾರು, ನನ್ನ ಹೆಸರೇನು' ಅಂತ ವೈರಿನಲ್ಲಿ ಕೂಗೋದು. ಒಳಗಿಂದ ಭಾವನ ಯಂತ್ರ ಹೆಸರು ಹೇಳಿದ ಮೇಲೇ ಇದು ಏಳೋದು. ಭಾವ ಇಟ್ಟಿದ್ದ ಹೆಸರು ಏನು ಗೊತ್ತಾ? ನಿದ್ದೆಬುರುಕಿ! ದಿನಾ ಪರದೆ ಮೇಲೆ ಅದನ್ನ ನೋಡಿ ಅಕ್ಕ ಬೈಯೋದು, ಅವನು ಒಳಗೆ ಕೂತು ನಗೋದು... ಹಾಗಿತ್ತು ಅವರ ಸಂಸಾರ.

ಭಾವ ಹೋಗ್ಬಿಟ್ಟ. ಎದೆನೋವು ಅಂದ, ಅಷ್ಟೇ. ಕಚೇರಿಯವರು ಅವನ ಯಂತ್ರವನ್ನ ಗುಜರಿಗೆ ಹಾಕಿದ್ರು. ಅಕ್ಕ ತನ್ನದನ್ನ ಮನೆಗೆ ತಂದು ಹೊಸ ಖಾಲಿ ಡಿಸ್ಕ್ ಕೂರಿಸಿದ್ಲು. ಲಿನಕ್ಸ್ ಹಾಕ್ಕೊಂಡು ಏನಾದ್ರೂ ಬರೀತೀನಿ, ಸುಮ್ನೆ ಕೂತ್ರೆ ಹುಚ್ಚು ಹಿಡಿಯುತ್ತೆ ಅಂದ್ಲು. ಅದಕ್ಕೂ ಅವಳ ಲ್ಯಾಪ್‌ಟಾಪಿಗೂ ನಡುವೆ ಒಂದೇ ಒಂದು ವೈರು, ಲಿನಕ್ಸ್ ಬರೋದು ಲ್ಯಾಪ್‌ಟಾಪಿಂದ. ಗುಂಡಿ ಒತ್ತಿದ್ಲು... ಯಂತ್ರ ಎದ್ದಿತು, ಸಾಲುಸಾಲಾಗಿ ಅಕ್ಷರ ಓಡಿದ್ವು, ಕೊನೇಲಿ ಹೆಸರು ಬಂತು. ನಿದ್ದೆಬುರುಕಿ.

ಆಗ ನೆನಪಾಯ್ತು ಅವಳಿಗೆ. ಲ್ಯಾಪ್‌ಟಾಪಲ್ಲಿ ಲಿನಕ್ಸ್ ಕಳಿಸೋದನ್ನೆಲ್ಲ ಅಣಿ ಮಾಡಿದ್ಲು, ಹೆಸರು ಹೇಳೋ ಪ್ರೋಗ್ರಾಮನ್ನ ಶುರು ಮಾಡೋದೇ ಮರೆತಿದ್ಲು! ಈ ಕಸುಬಿನವರೆಲ್ಲ ಮಾಡೋ ತಪ್ಪೇ ಅದು. ಹಾಗಿದ್ರೆ ಹೆಸರು ಹೇಳಿದ್ದು ಯಾರು?

ಹೆದರಿದ್ಲಾ ಅಂತ ಕೇಳ್ತೀರಾ? ಅಯ್ಯೋ, ಗೊಳೋ ಅಂತ ಅತ್ಲು. 'ಲಿನಕ್ಸನ್ನು ಡಿಸ್ಕಿಗೆ ಬರೆಯಲೇ?' ಅಂತ ಪರದೆ ಕೇಳ್ತಿತ್ತು. ಹೂಂ ಅಂದ್ರೆ ಕೆಲಸ ಮುಗೀತು. ಆದ್ರೆ ಆಮೇಲೆ ಯಂತ್ರಕ್ಕೆ ತನ್ನ ಹೆಸರು ತನಗೇ ಗೊತ್ತಿರುತ್ತೆ, ಯಾರನ್ನೂ ಕೇಳಲ್ಲ... ಕೇಳದೇ ಇದ್ರೆ ಅವನು ಹೇಳೋಕೆ ಯಾಕೆ ಬರ್ತಾನೆ? ಅಕ್ಕ ಬೇಡ ಅಂದ್ಲು. ಬದುಕಿರೋವರೆಗೂ ದಿನಾ ಬೇಡ ಅಂದ್ಲು. 'ಇನ್ನೂ ಮುಗೀಲಿಲ್ವೇನೇ?' ಅಂತ ನಾನು ರೇಗಿಸಿದ್ರೆ, 'ನಿನಗ್ಯಾಕೋ ಅವಸರ' ಅನ್ನೋಳು. ಅವನ ಮೇಲೆ ಅಷ್ಟು ಜೀವ ಅವಳಿಗೆ."

ತಾತ ಷಟರಿನಾಚೆಯ ಮಳೆಯನ್ನೊಮ್ಮೆ ನೋಡಿದರು.

"ಅಕ್ಕನೂ ಹೋದ್ಲು. ಯಂತ್ರ ನಮ್ಮನೇಲಿದೆ. ಹೆಸರು ಹೇಳೋ ಪ್ರೋಗ್ರಾಮ್ ಶುರು ಮಾಡದೇ ಬರೀ ಲ್ಯಾಪ್‌ಟಾಪ್ ಜೋಡಿಸಿದ್ರೆ ವೈರಿನಲ್ಲಿ ಬಂದುಹೋಗೋದೆಲ್ಲ ಕಾಣುತ್ತೆ. ಈಗಲೂ ಅದು ನಾನ್ಯಾರು ಅಂತ ಕೇಳುತ್ತೆ... ಮೊದಲೆಲ್ಲ, ಅಕ್ಕ ಇದ್ದಾಗ, ಒಂದು ಉತ್ತರ ಬರ್ತಿತ್ತು. ಈಗ ಎರಡು ಬರ್ತವೆ."