ಒಂದು ಗೇಣು ತಂತಿ

ಅಯ್ಯೋ, ಬಂದ ಕಾಲಲ್ಲೇ ಸ್ಕ್ರೂಡ್ರೈವರ್ ಯಾಕೋ ಮಗಾ? ಫ್ಯಾನು ತಿರುಗ್ತಾ ಇದೆಯಲ್ಲ! ಇಷ್ಟು ದಿನ ಕಂಡವರ ಮನೆಗೆಲ್ಲ ವೈರಿಂಗ್ ಮಾಡಿ ಬಂದಿದ್ದೀಯ, ನಿನ್ನ ಮನೇಲಾದರೂ ಕೂತು ಗಾಳಿ ತಗೋ... ಆ ಸುಟ್ಟ ಸ್ವಿಚ್ಚು ಯಾರು ಬದಲಾಯಿಸಿದ್ದು ಅಂತೀಯಾ? ಹೇಳಿದೆನಲ್ಲ, ಒಬ್ಬ ಕೆಲಸದವನು ಬಂದಿದ್ದ. ಉದ್ದಕ್ಕೆ, ತೆಳ್ಳಗೆ... ಆಗಲೇ ಗಿಡ್ಡ ಅಂದಿದ್ದೆನಾ? ಹೂಂ, ಸ್ಟೂಲ್ ಮೇಲೆ ನಿಂತಾಗ ಉದ್ದ ಕಂಡ. ನಗಬೇಡ್ವೋ!

ಒಳ್ಳೇ ಕೆಲಸಗಾರ ಕಣೋ. ಮೊದಲು ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಇನ್ನೊಂದು ಸಲ ನೋಡಿ, ಆಮೇಲೇ ಕೈ ಹಾಕಿದ್ದು. ನಾನಾ? ನಾನು ಅಡುಗೆಮನೇಲಿದ್ದೆ. ಮತ್ತೆ ಹೇಗೆ ಗೊತ್ತು ಅಂದರೆ... ಕೇಳಿಸ್ತು! ಟೆಸ್ಟರ್ ಇಟ್ಟಿದ್ದು ಕೇಳಿಸೋದಿಲ್ವಾ? ಮುದುಕಿ ಕಿವಿ ನಿನಗೇನು ಗೊತ್ತು!

ಏನದು, ಬೋರ್ಡಿನ ಮೇಲೆ? ಹೇರ್‌ಪಿನ್ನಾ? ಅವನದೇ ಇರಬೇಕಪ್ಪ. ಈಗಿನ ಗಂಡಸರು ಕೂದಲು ಬಿಡ್ತಾರೆ... ಹಾಗೆ ನೋಡಬೇಡ. ನಿಮ್ಮಪ್ಪನೂ ಹೀಗೇ ನೋಡಿ ನೋಡಿ ನನ್ನ ಬಾಯಿ ಬಿಡಿಸ್ತಿದ್ದರು.

ಸರಿ! ಗುಬ್ಬಿ ಮಾಡಿದಳು. ನಿನ್ನ ಮಗಳೇ! ಬೈಯೋ ಹಾಗಿದ್ದರೆ ಮೊದಲು ಫ್ಯಾನ್ ಆಫ್ ಮಾಡಿ ಬೈಯಿ. ಅವಳು ಮಾಡಿದ ಗಾಳಿ ತಗೊಂಡು ಅವಳನ್ನೇ ಬೈತೀಯಾ?

ಕೇಳಿಲ್ಲಿ. ಭಾನುವಾರ ಮಧ್ಯಾಹ್ನ ಬೀದಿಯ ಹುಡುಗಿಯರೆಲ್ಲ ಈ ಕೋಣೆಗೆ ಬರ್ತಾರಲ್ಲ, ಅಜ್ಜಿ ಕಾಲು ಒತ್ತೋಕಲ್ಲ ಕಣೋ. ನರ್ಸಮ್ಮ ಬಂದು ಮೈಯ ವಿಚಾರ ಹೇಳ್ತಾಳೆ, ನಾಚಿಕೆಗೀಚಿಕೆ ಇಲ್ಲದೆ. ನಾನೇ ಮೂರು ಹೆತ್ತ ಮೇಲೆ ಕೇಳಿ ಬಾಯಿ ಮೇಲೆ ಕೈ ಇಟ್ಕೊಂಡೆ! ಬಸ್ ಓಡಿಸೋ ಬಸ್ಸಮ್ಮ ಗಟ್ಟಿಯಾಗಿ ಮಾತಾಡೋದು ಕಲಿಸ್ತಾಳೆ. ಗುಬ್ಬಿ ಮೊನ್ನೆ 'ನಾನು ಕರೆಂಟಿನ ಕೆಲಸಾನೇ ಕಲೀಬೇಕು' ಅಂತ ಕೂಗಿದ್ದು ಆಚೆ ಬೀದಿಗೂ ಕೇಳಿಸ್ತು. ನಿನಗೊಬ್ಬನಿಗೇ ಕೇಳಿಸಲಿಲ್ಲ.

ಸಂಜೆ ನರ್ಸಮ್ಮ ಬರ್ತಾಳೆ, ನಿನ್ನನ್ನೇ ಕೇಳೋಕೆ. ತರಬೇತಿ ಶಾಲೆಗೆ ಸೇರಿಸೋಕೆ ನಾಳೆ ಕೊನೇ ದಿನ. ನೀನು ಹೂಂ ಅಂದರೆ ಗುಬ್ಬಿ ಹೋಗ್ತಾಳೆ. ಊಹೂಂ ಅಂದರೆ ಆ ಟೆಸ್ಟರ್ ತೆಗೆದು ಒಳಗಿಡ್ತಾಳೆ, ಒಂದು ಮಾತೂ ಆಡೋದಿಲ್ಲ. ಅದೇ ನನಗೆ ಭಯ. ಆ ಹುಡುಗಿ ಮಾತಾಡದೆ ಇದ್ದದ್ದು ಯಾವತ್ತಾದರೂ ನೋಡಿದ್ದೀಯಾ?

ಹೆಣ್ಣುಮಗು, ಕರೆಂಟು ಹೊಡೆದರೆ ಅಂತೀಯಾ? ನಿನ್ನನ್ನ ಹೊಡೆದು ಮೂಲೆಗೆ ಬಿಸಾಕಿತಲ್ಲ, ಮೀಸೆ ನೋಡಿ ಬಿಟ್ಟಿತಾ? ಗೊತ್ತಿಲ್ಲದವರನ್ನ ಹೊಡೆಯುತ್ತೆ. ಅದಕ್ಕೇ ಕಲೀಲಿ ಅನ್ನೋದು!

ಕಲಿಸಿದ್ದು ಯಾರು ಅಂದರೆ... ಯಾರೋ ಒಬ್ಬಳು ಬರ್ತಾಳಪ್ಪ. ವಯಸ್ಸಾದವಳು. ನಿನಗೆ ಪರಿಚಯ ಇಲ್ಲ ಬಿಡು. ನನ್ನನ್ನ ಯಾಕೆ ಕೇಳ್ತೀಯ? ಅಕ್ಷರ ಗೊತ್ತಿಲ್ಲದ ಮುದುಕಿ. ನಿಮ್ಮಪ್ಪ ವೈರಿಂಗ್ ಕೆಲಸಕ್ಕೆ ಹೋದಾಗ ಏಣಿ ಹಿಡ್ಕೊಂಡು ನಿಲ್ತಿದ್ದೆ, ಅಷ್ಟೇ. ಏಣಿ ಹಿಡಿದವಳು ಏನು ಕಂಡಾಳು, ಅಂಗಾಲು ಬಿಟ್ಟು!

ಅಯ್ಯೋ, ಬಿಚ್ಚಿಯೇ ನೋಡ್ತೀಯಾ? ನೋಡು, ನೋಡು. ಮೇನ್ ಆಫ್ ಮಾಡಿದೆ ತಾನೇ... ಹಾಂ, ಫ್ಯಾನು ನಿಂತಿತು. ಈಗ ಮುಚ್ಚಳ ತೆಗಿ. ಎಲ್ಲಾದರೂ ಸಡಿಲ ಇದೆಯಾ? ಜಗ್ಗಿ ನೋಡು! ಇಲ್ಲ ತಾನೇ?

ಏನು... ಆ ಸುರುಳೀನಾ? ತಂತಿ ಒಂದು ಗೇಣು ಜಾಸ್ತಿ ಬಿಟ್ಟು, ಬೆರಳಿಗೆ ಸುತ್ತಿ, ಒಳಗೆ ಮಡಚಿಟ್ಟಿದ್ದಾಳೆ. ಮುಂದೆ ಯಾರಾದರೂ ಬಿಚ್ಚಿದರೆ ತಂತಿ ಸಾಲದೆ ಒದ್ದಾಡಬಾರದು, ಅಂತ. ನೀನು ದಂಡ ಅಂತೀಯ, ಬಿಡೋದಿಲ್ಲ. ಎಲ್ಲರೂ ಹಾಗೇ. ಹೀಗೆ ಸುತ್ತಿಡ್ತಿದ್ದವರು ಒಬ್ಬರೇ... ಗುಬ್ಬಿ ಹುಟ್ಟೋ ಮೊದಲೇ ಹೋದರು.

ನನ್ನ ಕೈ ಯಾಕೋ ಹಾಗೆ ನೋಡ್ತೀಯ? ಹಿಟ್ಟು ಕಣೋ, ಹಿಟ್ಟು ಮೆತ್ತಿದೆ.

ಎಲ್ಲಿಗೆ ಹೊರಟೆ, ಕಣ್ಣು ಒರೆಸ್ಕೊಂಡು? ಮುಚ್ಚಳ ಹಾಕೋದಿಲ್ವಾ? ನಿನ್ನ ಸ್ಕ್ರೂಡ್ರೈವರ್ ಇಲ್ಲೇ ಬಿಟ್ಟೆಯಲ್ಲ! ಯಾರ ಕೈಗೂ ಕೊಡೋದಿಲ್ಲ ಅಂತಿದ್ದವನು...

ಓ.

ಗುಬ್ಬೀ! ಬಾರೇ ಇಲ್ಲಿ. ಬೋರ್ಡಿನ ಮುಚ್ಚಳ ಹಾಕಬೇಕಂತೆ. ನಿಮ್ಮಪ್ಪ ನಿನಗೇ ಬಿಟ್ಟಿದ್ದಾನೆ.