ತಿದ್ದಬಾರದಿದ್ದ ಚೀಟಿ

ವೇದಿಕೆಯ ಅಧ್ಯಕ್ಷರಾದ ಪೂಜ್ಯ ಧರ್ಮಾಧ್ಯಕ್ಷರೇ, ನಮ್ಮ ಚರ್ಚಿಗೆ ಹೊಸದಾಗಿ ಬಂದಿರುವ ಗುರುಗಳೇ, ಆರೈಕೆ ಸಮಿತಿಯ ಸಂಗಾತಿಗಳೇ, ಭಾಷಣ ಉದ್ದವಾದರೆ ಎದ್ದುಹೋಗಲು ಅನುಕೂಲವಾಗಲೆಂದು ಬಾಗಿಲ ಪಕ್ಕದಲ್ಲೇ ಕುಳಿತಿರುವ ಜಾಣ ಸಭಿಕರೇ,

ನಮ್ಮ ಹಿಂದಿನ ಫಾದರ್ ಕಾಯಿಲೆ ಬಿದ್ದು ತೀರಿಕೊಳ್ಳುವವರೆಗಿನ ಹತ್ತು ತಿಂಗಳೂ ಅವರನ್ನು ನೋಡಿಕೊಂಡ ಸಮಿತಿಗೆ ಇವತ್ತು ಸನ್ಮಾನ. ಕಾರ್ಯದರ್ಶಿ ಎಂಬ ಕಾರಣಕ್ಕೆ ಫಲಕ ನನ್ನ ಕೈಗೆ ಬಂದಿದೆ. 'ಮಾದರಿ ಸೇವೆ' ಎಂದು ಕೆತ್ತಿದ್ದಾರೆ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು. ಅಕ್ಷರ ತಪ್ಪಿಲ್ಲ. ಆದರೂ ತಪ್ಪಿದೆ.

ಸೇವೆ ನಡೆಯಲಿಲ್ಲವೇ? ನಡೆಯಿತು. ಮೊದಲ ದಿನವೇ ಅವರ ಮನೆಗೆ ಏಳು ಊಟದ ಡಬ್ಬಿ ಬಂದವು. ಫಾದರ್ ನೋಡಿ, "ಯೇಸು ಐದು ರೊಟ್ಟಿ, ಎರಡು ಮೀನಲ್ಲಿ ಊಟ ಹಾಕಿದ ಐದು ಸಾವಿರ ಜನ ಎಲ್ರಪ್ಪಾ, ಇನ್ನೂ ಬರಲಿಲ್ಲ?" ಎಂದರು. ಆಮೇಲೆ ನಾನು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಊಟ ಯಾರದು, ಮಾತ್ರೆ ಯಾರದು, ಆಸ್ಪತ್ರೆಗೆ ಕಾರು ಯಾರದು, ಎಲ್ಲಕ್ಕೂ ಒಂದೊಂದು ಕಾಲಮ್. ಅವರು ಸೊರಗಿದಂತೆಲ್ಲ ನಮ್ಮ ದರ್ಜಿ ಅಕ್ಕ ಅವರ ನಿಲುವಂಗಿಯನ್ನು ನಾಲ್ಕು ಸಲ ಹಿಡಿದು ಹೊಲಿದರು, ಜನರಿಗೆ ಗೊತ್ತಾಗಬಾರದೆಂದು. "ಅಕ್ಕಾ, ಇನ್ನೊಂದು ಸಲ ಹಿಡಿದರೆ ಎರಡೂ ಜೇಬು ಬೆನ್ನಿಗೆ ಬರ್ತವೆ" ಎಂದು ಫಾದರ್ ನಗಿಸಿದ್ದರು. ಆಸ್ಪತ್ರೆಯ ಲಿಫ್ಟ್ ಮೂರು ವಾರ ಕೆಟ್ಟು ನಿಂತಾಗ ನಾನು ಪತ್ರಿಕೆಗಳಿಗೆ ಐದು ಪತ್ರ ಬರೆದೆ. ನನ್ನ ಸಿಟ್ಟು ನಿಮಗೆಲ್ಲ ಗೊತ್ತು. ಬೀದಿದೀಪ, ಚರಂಡಿ, ಲಿಫ್ಟ್, ಯಾವುದನ್ನೂ ಬಿಟ್ಟವನಲ್ಲ. ಲಿಫ್ಟಿನ ಮೇಲೆ ಸಿಟ್ಟು ಮಾಡುವುದು ಸುಲಭ, ಸಭಿಕರೇ.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ಕ್ಷಮಿಸಿ, ಕಾರ್ಯಕ್ರಮ ಪಟ್ಟಿಯಲ್ಲಿ ಅವರಿಲ್ಲ. ಇಪ್ಪತ್ತು ವರ್ಷದ ಹಿಂದೆ ಅವರು ಹಾಸಿಗೆ ಹಿಡಿದಾಗ ನನ್ನ ಅಕ್ಕ, "ಫಾದರನ್ನ ಕರೆಸೋ, ಅಪ್ಪ ಏನೋ ಹೇಳಬೇಕು ಅಂತಿದಾರೆ" ಎಂದಳು. "ಎಣ್ಣೆ ಹಚ್ಚೋಕೆ ಬಂದ್ರು ಅಂದ್ರೆ ಅಪ್ಪ ಅರ್ಧ ಅಲ್ಲೇ ಹೋಗ್ತಾರೆ, ಸುಮ್ನಿರು" ಎಂದೆ. ಕರೆಸಿದಾಗ ಅಪ್ಪನಿಗೆ ಪ್ರಜ್ಞೆ ಇರಲಿಲ್ಲ. ಆಗಷ್ಟೇ ನಮ್ಮಲ್ಲಿಗೆ ಬಂದಿದ್ದ ಇದೇ ಫಾದರ್, ಅಪ್ಪನ ಹಣೆಗೆ ಸಾವಿನಂಚಿನವರಿಗೆ ಹಚ್ಚುವ ಅಭ್ಯಂಗದ ತೈಲ ಹಚ್ಚಿ, ಹೊರಗೆ ಬಂದು, "ಹೆದರಿದ್ದು ಅವರಲ್ಲ, ನೀವು. ಅವರಿಗೆ ಮಾತಾಡೋಕೆ ಶಕ್ತಿ ಇದ್ದಾಗ ಕರೀಬೇಕಿತ್ತು" ಎಂದರು. ಅಪ್ಪ ಹೇಳಬೇಕೆಂದಿದ್ದು ಏನು? ಇವತ್ತಿಗೂ ಗೊತ್ತಿಲ್ಲ. 'ಗುರುಗಳನ್ನು ಕಾಲವಿದ್ದಾಗಲೇ ಕರೆಯಿರಿ' ಎಂದು ಆಮೇಲೆ ನಾನು ಲೇಖನ ಬರೆದೆ. ಪಾಠ ಕಲಿತ ಮೇಲೆ ಎರಡನೇ ಸಲ ಅದೇ ತಪ್ಪು ಮಾಡುವವನಿಗೆ ಏನನ್ನಬೇಕು? ಕಾರ್ಯದರ್ಶಿ ಅನ್ನಬೇಕೇ?

ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಎಲ್ಲರ ಪರವಾಗಿ ವಿಶ್ವಾಸಿಗಳ ಪ್ರಾರ್ಥನೆಯನ್ನು ಬರೆದು ಓದುವವನು ನಾನೇ. ಕಾಯಿಲೆಯ ಒಂಬತ್ತನೇ ತಿಂಗಳ ಒಂದು ಭಾನುವಾರ ಫಾದರ್ ನನಗೊಂದು ಚೀಟಿ ಕೊಟ್ಟರು. ತಮಗೆ ಸಾವು ಹತ್ತಿರವಾಗಿದೆ, ಅದಕ್ಕಾಗಿ ಜನ ಪ್ರಾರ್ಥಿಸಲಿ ಎಂದಿತ್ತು. ನನ್ನನ್ನು ಬಲ್ಲವರಾದ್ದರಿಂದ ಕೆಳಗೆ 'ದಯವಿಟ್ಟು ತಿದ್ದಬೇಡಿ' ಎಂದು ಗೆರೆ ಎಳೆದಿದ್ದರು.

ತಿದ್ದಿದೆ. "ನಮ್ಮ ಗುರುಗಳು ಬೇಗ ಸಂಪೂರ್ಣ ಗುಣಮುಖರಾಗಿ ವರ್ಷಗಟ್ಟಲೆ ನಮ್ಮ ಜೊತೆಗಿರಲಿ" ಎಂದು ಓದಿದೆ. "ಪ್ರಭುವೇ, ನಮ್ಮ ಮೊರೆಯನ್ನು ಆಲಿಸಿ" ಎಂದು ನೀವೆಲ್ಲ ಹೇಳಿದಿರಿ. ಅಷ್ಟು ಗಟ್ಟಿಯಾಗಿ ನೀವು ಎಂದೂ ಹೇಳಿರಲಿಲ್ಲ. ಕುರ್ಚಿಯಲ್ಲಿ ಕುಳಿತೇ ಪೂಜೆ ಅರ್ಪಿಸುತ್ತಿದ್ದ ಫಾದರ್ ನನ್ನ ಕಡೆ ತಿರುಗಿ ನೋಡಿದರು.

ಪೂಜೆ ಮುಗಿದ ಮೇಲೆ, "ನನ್ನ ಚೀಟಿ ಓದೋಕಾಗಲಿಲ್ವಾ?" ಎಂದರು.

"ಹಾಗಲ್ಲ ಫಾದರ್. ಜನ ಹೆದರ್ತಾರೆ."

"ಜನಾನಾ?" ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಅಂದಿನಿಂದ ಅವರ ಕೋಣೆಗೆ ಹೋದವರೆಲ್ಲ ಮುಂದಿನ ವರ್ಷದ ಮಾತನ್ನೇ ಆಡಿದೆವು. ಗಾಯಕರಿಗೆ ಹೊಸ ಬಟ್ಟೆ, ಗಂಟೆಗೆ ಹೊಸ ಹಗ್ಗ. ಅವರು ಎಲ್ಲಕ್ಕೂ ತಲೆಯಾಡಿಸಿ ನಮಗೆ ಸಮಾಧಾನ ಮಾಡಿ ಕಳಿಸುತ್ತಿದ್ದರು. ಯಾರನ್ನು ಯಾರು ನೋಡಿಕೊಂಡರು, ಹೇಳಿ? ಇಡೀ ಊರಿನ ಪಾಪನಿವೇದನೆಗೆ ಇಪ್ಪತ್ತು ವರ್ಷ ಕಿವಿಗೊಟ್ಟ ಮನುಷ್ಯನಿಗೆ ಒಂದು ಮಾತು ಹೇಳಿಕೊಳ್ಳಲು ನಾವು ಎಡೆ ಕೊಡಲಿಲ್ಲ. ಪಕ್ಕದ ಧರ್ಮಕೇಂದ್ರದ ಗುರುಗಳು ಅಭ್ಯಂಗಕ್ಕೆ ಬರುವ ಹೊತ್ತಿಗೆ ಅವರ ಮಾತು ನಿಂತಿತ್ತು. ಕರೆಸುವ ಜವಾಬ್ದಾರಿ ಯಾರದೆಂದು ಕೇಳುತ್ತೀರಾ? ನನ್ನ ಪಟ್ಟಿಯಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.

ಫಲಕ ಬೇಡವೆನ್ನುವುದಿಲ್ಲ; ಅದೂ ಒಂದು ಜಂಭವೇ. ದರ್ಜಿ ಅಕ್ಕನ ಸೂಜಿಗೆ, ಕಾರು ಓಡಿಸಿದವರಿಗೆ, ಅಡುಗೆ ಮಾಡಿದ ತಾಯಂದಿರಿಗೆ ಅದು ಸಲ್ಲಬೇಕಾದ್ದೇ. ನನ್ನ ಪಾಲಿಗೆ ಈ ಜೇಬಿನಲ್ಲಿರುವ ಚೀಟಿ ಸಾಕು. ಇದನ್ನು ಇದ್ದ ಹಾಗೆಯೇ ಓದಿ ಕೂರುತ್ತೇನೆ.

"ನಾನು ಸಾಯುತ್ತಿದ್ದೇನೆ. ಎಷ್ಟೋ ಜನರಿಗೆ ಹೆದರಬೇಡಿ ಎಂದು ಹೇಳಿದ ನನಗೇ ಈಗ ಹೆದರಿಕೆ. ನಿಮ್ಮಲ್ಲಿ ಯಾರಾದರೂ ಬಂದು ಸುಮ್ಮನೆ ಪಕ್ಕದಲ್ಲಿ ಕುಳಿತರೆ ಸಾಕು. ನನಗಾಗಿ ಪ್ರಾರ್ಥಿಸಿ."

ಇಷ್ಟು ಹೊತ್ತು ಎದ್ದುಹೋಗದೆ ಕೇಳಿದ್ದಕ್ಕೆ ಎಲ್ಲರಿಗೂ ಕೃತಜ್ಞ. ಈ ಪ್ರಾರ್ಥನೆಗೆ 'ಪ್ರಭುವೇ, ಆಲಿಸಿ' ಎಂದು ಉತ್ತರ ಕೊಡುವುದಿದ್ದರೆ ಈಗ ಮೆಲ್ಲಗೆ ಕೊಡಿ. ನಮಸ್ಕಾರ.